ಬಿಗಿದ ಬೆನ್ನು ಗಟ್ಟಿ ಬೆನ್ನಲ್ಲ



ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಾಗಲಿ, ಹನೂರಿನ ಸಂತೆಯಲ್ಲಾಗಲಿ, ಯಳಂದೂರಿನ ಪೇಟೆ ಬೀದಿಯಲ್ಲಾಗಲಿ ಒಮ್ಮೊಮ್ಮೆ ನಾವು ಕಾಣುವ ನೋಟ ಇದು. ವಯಸ್ಸು ಇನ್ನೂ ನಲವತ್ತು ದಾಟಿರದ ಗೃಹಸ್ಥರೊಬ್ಬರು ಮುಂದಕ್ಕೆ ಬಾಗಿ ನಡೆಯುತ್ತಿರುತ್ತಾರೆ. ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ. ಕಂಡವರು, "ಪಾಪ, ಹೊರೆ ಹೊತ್ತು ಹೊತ್ತು ಬೆನ್ನು ಬಾಗಿದೆ" ಎಂದು ಮರುಗುತ್ತಾರೆ. ಆದರೆ ಇಂಥ ಹಲವರ ಬೆನ್ನು ಬಾಗಿರುವುದು ಹೊರೆಯಿಂದಲ್ಲ, ರೋಗದಿಂದ. ಈ ಸಂಚಿಕೆಯಲ್ಲಿ ಆ ರೋಗದ ವಿಷಯವನ್ನೂ, ಅದರ ಒಳಗೆ ಅಡಗಿರುವ ಇನ್ನೊಂದು ಅಪಾಯವನ್ನೂ ಓದುಗರ ಮುಂದಿಡಲು ಬಯಸುತ್ತೇವೆ.

ಹೋದ ವರ್ಷ ಹನೂರಿನಿಂದ ಆಚೆ, ಮಹದೇಶ್ವರ ಬೆಟ್ಟದ ಹಾದಿಯ ಹಳ್ಳಿಯೊಂದರಲ್ಲಿ ಪರಿಚಯದ ಮನೆಯೊಂದಕ್ಕೆ ಹೋಗಿದ್ದೆವು. ಹಿಪ್ಪುನೇರಳೆ ತೋಟ, ಹುಳು ಮನೆ, ಎರಡು ಹಸುಗಳಿರುವ ಒಕ್ಕಲು ಮನೆತನ. ಮನೆಯ ಹಿರಿಯ ಮಗನಿಗೆ ಮೂವತ್ತೊಂಬತ್ತು ವರ್ಷ. ಇಪ್ಪತ್ತಮೂರರ ಪ್ರಾಯದಲ್ಲಿ ಆರಂಭವಾದ ಸೊಂಟನೋವು ಹತ್ತು ವರ್ಷ ಕಾಡಿ, ಕ್ರಮೇಣ ತಗ್ಗಿ, ಬೆನ್ನು ಮಾತ್ರ ಹಲಗೆಯಂತೆ ಬಿಗಿದು ನಿಂತಿತ್ತು. ನೋವು ಹೋಯಿತಲ್ಲ, ಕಾಯಿಲೆಯೂ ಹೋಯಿತೆಂದು ಮನೆಯವರು ನಂಬಿದ್ದರು. ಒಂದು ಸಂಜೆ ಸೊಪ್ಪಿನ ಹೊರೆಯೊಡನೆ ಹುಳು ಮನೆಯ ಹೊಸಿಲಲ್ಲಿ ಕಾಲು ಜಾರಿ ಆತ ಕುಕ್ಕರಿಸಿ ಬಿದ್ದರು. ಬಿದ್ದದ್ದು ದೊಡ್ಡ ಎತ್ತರದಿಂದಲ್ಲ. ಆದರೂ ಬೆನ್ನಿನಲ್ಲಿ ಹಿಂದೆಂದೂ ಇಲ್ಲದ ನೋವು. ಉಳುಕೆಂದು ಎಣ್ಣೆ ಹಾಕಿ ನೀವಿಸಿದರು. ಇಬ್ಬರು ಹಿಡಿದು ಬೆನ್ನನ್ನು ನೆಟ್ಟಗೆ ಮಾಡಲೆಳಸಿದರು. ನಾಲ್ಕನೆಯ ದಿನ ಎರಡೂ ಕಾಲುಗಳಲ್ಲಿ ಜೋಮು ಹಿಡಿದಾಗ ಗಾಬರಿಯಾಗಿ ಕೊಳ್ಳೇಗಾಲಕ್ಕೆ ಕರೆತಂದರು. ಅಲ್ಲಿ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಹಳೆಯ ಕಾಯಿಲೆಯ ವಿಚಾರವನ್ನು ಕೇಳಿ ತಿಳಿದ ವೈದ್ಯರು ತಡಮಾಡದೆ ಮೈಸೂರಿಗೆ ಕಳುಹಿಸಿದರು. ಅಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಬೆನ್ನೆಲುಬು ಅಡ್ಡಡ್ಡಲಾಗಿ ಮುರಿದಿರುವುದು ಕಂಡಿತು.

ಶಸ್ತ್ರಚಿಕಿತ್ಸೆಯಾಗಿ ಆತ ಈಗ ನಡೆದಾಡುತ್ತಿದ್ದಾರೆಂಬುದು ಸಮಾಧಾನದ ಸಂಗತಿ. ಆದರೆ ಆ ತಾಯಿ ನಮ್ಮೊಡನೆ ಆಡಿದ ಮಾತನ್ನು ನಾವು ಮರೆಯಲಾರೆವು. "ಅವನ ಬೆನ್ನುಮೂಳೆ ಬೆಳೆದು ಒಂದಕ್ಕೊಂದು ಬೆಸೆದುಕೊಂಡಿದೆ ಅಂತ ಹಿಂದೆಯೇ ಡಾಕ್ಟರು ಹೇಳಿದ್ದರು ಸ್ವಾಮಿ. ಬೆಸೆದುಕೊಂಡ ಮೂಳೆ ಇನ್ನಷ್ಟು ಗಟ್ಟಿ ಅಂತಲೇ ನಾವು ತಿಳಿದುಕೊಂಡಿದ್ದೋ. ಅದು ಮುರೀತದೆ ಅಂತ ಯಾರಿಗೆ ಗೊತ್ತಿತ್ತು?" ಈ ಲೇಖನ ಆ ತಾಯಿಯ ಪ್ರಶ್ನೆಗೆ ಉತ್ತರ.

ರೋಗದ ಪರಿಚಯ

ಈ ಕಾಯಿಲೆಗೆ ವೈದ್ಯರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಬೆನ್ನೆಲುಬಿನ ಉರಿಯೂತದ ಸಂಧಿವಾತವೆಂದು ನಾವು ಕರೆಯಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರಷ್ಯದ ಬೆಖ್ತೆರೆವ್, ಜರ್ಮನಿಯ ಸ್ಟ್ರುಂಪೆಲ್, ಫ್ರಾನ್ಸಿನ ಪಿಯೆರ್ ಮಾರಿ ಎಂಬ ವೈದ್ಯರು ಇದನ್ನು ವಿವರವಾಗಿ ಬರೆದಿಟ್ಟರು. ನಮ್ಮ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ, ಸೊಂಟದ ಹಿಂಭಾಗದ ಕೀಲುಗಳಲ್ಲೂ ಬೆನ್ನೆಲುಬಿನ ಮಣಿಗಳಲ್ಲೂ ಉರಿಯನ್ನು ಹೊತ್ತಿಸುವುದೇ ಈ ರೋಗದ ಮೂಲ. ಸಾಮಾನ್ಯವಾಗಿ ಇದು ನಲವತ್ತೈದು ವರ್ಷದೊಳಗೆ, ಬಹುಮಟ್ಟಿಗೆ ಹದಿಹರೆಯದ ಕೊನೆಯಿಂದ ಮೂವತ್ತರ ಪ್ರಾಯದೊಳಗೆ ತಲೆದೋರುತ್ತದೆ. ಗಂಡಸರಿಗೆ ಮಾತ್ರ ಬರುವ ಕಾಯಿಲೆಯೆಂಬ ಹಳೆಯ ಅಭಿಪ್ರಾಯ ಸರಿಯಲ್ಲ. ಹೆಣ್ಣುಮಕ್ಕಳಿಗೂ ಬರುತ್ತದೆ; ಅವರಲ್ಲಿ ಗುರುತಿಸುವುದು ಇನ್ನೂ ತಡವಾಗುತ್ತದೆ.

ದುಡಿತದ ಸೊಂಟನೋವಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಮಂದಿಯೇ ಗುರುತಿಸಬಹುದು. ದುಡಿತದ ನೋವು ಕೆಲಸದಿಂದ ಹೆಚ್ಚಿ ಮಲಗಿದರೆ ತಗ್ಗುತ್ತದೆ. ಇದು ಹಾಗಲ್ಲ, ಮಲಗಿದಷ್ಟೂ ಹೆಚ್ಚುತ್ತದೆ, ಓಡಾಡಿದರೆ ತಗ್ಗುತ್ತದೆ. ನಡುರಾತ್ರಿ ಕಳೆದ ಮೇಲೆ ನೋವು ಎಬ್ಬಿಸುತ್ತದೆ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದಿರುತ್ತದೆ. ನಸುಕಿನಲ್ಲಿ ಪೂಜೆಗೆ ಚಕ್ಕಳಮಕ್ಕಳ ಹಾಕಿ ಕುಳಿತ ಯುವಕ ಏಳುವಾಗ ಗೋಡೆ ಹಿಡಿದು ಏಳುತ್ತಾನಾದರೆ, ಅದನ್ನು ಸೋಮಾರಿತನವೆಂದು ಗದರಿಸುವ ಮೊದಲು ಹಿರಿಯರು ಒಮ್ಮೆ ಯೋಚಿಸಬೇಕು. ಪೃಷ್ಠಭಾಗದ ನೋವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವುದೂ ಉಂಟು. ಕೆಲವರಿಗೆ ಕಣ್ಣು ಕೆಂಪಾಗಿ ನೋಯುತ್ತದೆ, ಬೆಳಕು ಸಹಿಸದು; ಅಂಥವರು ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಇಂಥ ಸೊಂಟನೋವು ಮೂರು ತಿಂಗಳು ಮೀರಿದರೆ ಸಂಧಿವಾತ ತಜ್ಞರಿಗೆ ತೋರಿಸುವುದು ಅಗತ್ಯ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ಹಲವು ವರ್ಷಗಳೇ ಹಿಡಿಯಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ಉರಿಯೂತ ಅದಕ್ಕೂ ಮೊದಲೇ ಕಾಣುತ್ತದೆ.

ಹೊರಗೆ ಗಾರೆ, ಒಳಗೆ ಗೆದ್ದಲು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೂಳೆಯೆಂಬುದು ಕಲ್ಲಿನಂತೆ ಜಡವಸ್ತುವಲ್ಲ. ಹಳೆಯದನ್ನು ಕೆಡವುವ ಕಣಗಳು, ಹೊಸದನ್ನು ಕಟ್ಟುವ ಕಣಗಳು ಎರಡೂ ಅದರಲ್ಲಿ ಸದಾ ಕೆಲಸ ಮಾಡುತ್ತಿರುತ್ತವೆ. ಆರೋಗ್ಯವಂತರಲ್ಲಿ ಕೆಡವಿದಷ್ಟನ್ನು ಕಟ್ಟಲಾಗುತ್ತದೆ. ಉರಿಯೂತವಿರುವ ಬೆನ್ನಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಉರಿಯಿಂದ ಹೊರಡುವ ಟಿ.ಎನ್.ಎಫ್. ಮೊದಲಾದ ರಾಸಾಯನಿಕಗಳು ಕೆಡವುವ ಕಣಗಳನ್ನು ಕೆರಳಿಸುತ್ತವೆ. ಮಣಿಗಳ ಒಳಗಿನ ಜೇನುಗೂಡಿನಂಥ ಮೂಳೆ ಸವೆಯುತ್ತಾ ಹೋಗುತ್ತದೆ. ಅದೇ ಕಾಲಕ್ಕೆ ಮಣಿಗಳ ಹೊರ ಅಂಚಿನಲ್ಲಿ ಬೇಡದ ಹೊಸ ಮೂಳೆ ಬೆಳೆದು ಒಂದು ಮಣಿಯನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಒಂದೇ ಬೆನ್ನಿನಲ್ಲಿ ಹೊರಗೆ ಬೆಳೆತ, ಒಳಗೆ ಸವೆತ! ಹೊರಗೆ ಗಾರೆ ಮೆತ್ತಿದ ತೊಲೆಯನ್ನು ಒಳಗೆ ಗೆದ್ದಲು ತಿಂದಂತೆ ಇದು.

ಹೀಗೆ ಬೆಸೆದುಹೋದ ಬೆನ್ನೆಲುಬು ಎಕ್ಸ್‌ರೇಯಲ್ಲಿ ಗಿಣ್ಣುಗಿಣ್ಣಾಗಿ ಬಿದಿರಿನಂತೆ ಕಾಣುವುದರಿಂದ ವೈದ್ಯರು ಅದಕ್ಕೆ ಬಿದಿರು ಬೆನ್ನೆಂದೇ ಹೆಸರಿಟ್ಟಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನವರಿಗೆ ಬಿದಿರಿನ ಸ್ವಭಾವವನ್ನು ನಾವು ಹೇಳಿಕೊಡಬೇಕಾಗಿಲ್ಲ. ಹಸಿ ಬಿದಿರು ಬಾಗುತ್ತದೆ, ಒಣಗಿದ ಬಿದಿರು ಫಟ್ಟೆಂದು ಮುರಿಯುತ್ತದೆ. ಆರೋಗ್ಯವಂತ ಬೆನ್ನೆಲುಬು ಪೆಟ್ಟು ಬಿದ್ದಾಗ ಮಣಿಗಳ ನಡುವಿನ ಬಿಲ್ಲೆಗಳ ಬಲದಿಂದ ಬಾಗಿ, ಪೆಟ್ಟನ್ನು ಹಂಚಿಕೊಳ್ಳುತ್ತದೆ. ಬೆಸೆದುಹೋದ ಬೆನ್ನು ಬಾಗಲಾರದು. ಪೆಟ್ಟೆಲ್ಲವೂ ಒಂದೇ ಕಡೆ ಬೀಳುತ್ತದೆ. ಒಳಗೂ ಟೊಳ್ಳಾಗಿರುವುದರಿಂದ ಸಣ್ಣ ಜಾರಿಕೆಯೂ ಸಾಕಾಗುತ್ತದೆ. ಈ ರೋಗಿಗಳಲ್ಲಿ ಬೆನ್ನೆಲುಬು ಮುರಿಯುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಕತ್ತಿನ ಕೆಳಭಾಗದಲ್ಲಿ ಮುರಿದರೆ ಕೈಕಾಲುಗಳೆರಡಕ್ಕೂ ಅಪಾಯ.

ಮೂಳೆ ಸವೆತವೆಂದರೆ ಮುಪ್ಪಿನ ಹೆಂಗಸರ ತೊಂದರೆಯೆಂದು ನಾವು ತಿಳಿದಿರುವುದರಿಂದ ಇಪ್ಪತ್ತೈದು-ಮೂವತ್ತರ ಗಂಡುಮಗನ ಮೂಳೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆದರೆ ಈ ರೋಗದಲ್ಲಿ ಸವೆತವು ಬೆನ್ನು ಬಾಗುವ ಮೊದಲೇ, ರೋಗದ ಮೊದಲ ಹತ್ತು ವರ್ಷಗಳೊಳಗೇ ಆರಂಭವಾಗಿರಬಹುದು. ಉರಿ ಹೆಚ್ಚಾಗಿದ್ದಷ್ಟೂ ಸವೆತ ಹೆಚ್ಚು.

ಅಳತೆಯಲ್ಲಿ ಮೋಸ ಹೋಗಬಾರದು

ಮೂಳೆಯ ಸಾಂದ್ರತೆಯನ್ನು ಅಳೆಯಲು ಡೆಕ್ಸಾ ಎಂಬ ಪರೀಕ್ಷೆಯಿದೆ. ಮೈಸೂರು, ಬೆಂಗಳೂರುಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ. ನೋವಿಲ್ಲ, ಚುಚ್ಚುವುದಿಲ್ಲ, ಕೆಲವೇ ನಿಮಿಷಗಳ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ಗೊತ್ತುಮಾಡಿದ ಮಾನದಂಡದಂತೆ ಟಿ-ಅಂಕವು ಋಣ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತವೆಂದು ಹೇಳುತ್ತಾರೆ. ಐವತ್ತು ವರ್ಷದೊಳಗಿನವರಿಗೆ ಅವರದೇ ವಯಸ್ಸಿನವರೊಡನೆ ಹೋಲಿಸುವ ಝಡ್-ಅಂಕವನ್ನು ನೋಡುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಸೊಂಟದ ಬೆನ್ನೆಲುಬನ್ನು ಮುಂದಿನಿಂದ ಅಳೆಯುತ್ತಾರೆ. ಬೆಸೆದುಹೋದ ಬೆನ್ನಿನಲ್ಲಿ ಹೊರಗೆ ಬೆಳೆದ ಮೂಳೆಯೂ ಲೆಕ್ಕಕ್ಕೆ ಸೇರಿ, ಒಳಗಿನ ಟೊಳ್ಳು ಮುಚ್ಚಿಹೋಗುತ್ತದೆ. ವರದಿಯಲ್ಲಿ "ಮೂಳೆ ಚೆನ್ನಾಗಿದೆ" ಎಂದೇ ಬರಬಹುದು. ಆದಕಾರಣ ಈ ರೋಗಿಗಳಲ್ಲಿ, ಅದರಲ್ಲೂ ಬೆನ್ನು ಬೆಸೆದವರಲ್ಲಿ, ತೊಡೆಮೂಳೆಯ ಮೇಲ್ತುದಿಯ ಅಳತೆಯನ್ನು ತಪ್ಪದೆ ನೋಡಬೇಕು; ಸೌಕರ್ಯವಿದ್ದರೆ ಬೆನ್ನನ್ನು ಪಕ್ಕದಿಂದಲೂ ಅಳೆಯಿಸಬಹುದು. "ತೊಡೆಮೂಳೆಯ ಅಂಕ ಎಷ್ಟು?" ಎಂದು ವೈದ್ಯರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಅಳತೆಗಳೂ ಎರಡಿವೆ. ಬಾಗಿಲ ಚೌಕಟ್ಟಿನ ಮೇಲೆ ಎತ್ತರದ ಗುರುತು ಹಾಕಿ, ಆರು ತಿಂಗಳಿಗೊಮ್ಮೆ ನಿಂತು ನೋಡಬೇಕು. ಹಿಮ್ಮಡಿ, ಬೆನ್ನು ಎರಡನ್ನೂ ಗೋಡೆಗೆ ತಾಗಿಸಿ ನಿಂತಾಗ ತಲೆಯ ಹಿಂಭಾಗಕ್ಕೂ ಗೋಡೆಗೂ ಎಷ್ಟು ಬೆರಳು ಅಂತರವಿದೆಯೆಂದು ಬರೆದಿಡಬೇಕು. ಎತ್ತರ ಕುಗ್ಗುತ್ತಿದ್ದರೆ ಅಥವಾ ಅಂತರ ಹೆಚ್ಚುತ್ತಿದ್ದರೆ ಮುಂದಿನ ತಪಾಸಣೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ನೋವೇ ಇಲ್ಲದೆ ಮಣಿಗಳು ಕುಸಿಯುವುದೂ ಉಂಟು.

ಬಿದ್ದಾಗ ಮಾಡಬೇಕಾದುದು, ಮಾಡಬಾರದುದು

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಈ ಭಾಗವನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇವೆ. ಬಿಗಿದ ಬೆನ್ನಿನವರು ಎಷ್ಟೇ ಸಣ್ಣದಾಗಿ ಬಿದ್ದಿರಲಿ, ಅನಂತರ ಹೊಸ ನೋವು ಬಂದರೆ, ಮುರಿದಿಲ್ಲವೆಂದು ಸಾಬೀತಾಗುವ ತನಕ ಅದನ್ನು ಮುರಿತವೆಂದೇ ಭಾವಿಸಬೇಕು. ಎಕ್ಸ್‌ರೇ ಸರಿಯಾಗಿದೆಯೆಂಬ ಒಂದೇ ಕಾರಣಕ್ಕೆ ಸುಮ್ಮನಾಗಬಾರದು, ಸಿ.ಟಿ. ಅಥವಾ ಎಂ.ಆರ್.ಐ. ಬೇಕೇ ಎಂದು ಕೇಳಬೇಕು. ಎಣ್ಣೆ ನೀವುವುದು, ಲಟಿಕೆ ತೆಗೆಯುವುದು, ಎಳೆಯುವುದು, ಬೆನ್ನಿನ ಮೇಲೆ ತುಳಿಸಿಕೊಳ್ಳುವುದು ಇವು ಯಾವುವೂ ಕೂಡದು. ನಾಟಿ ಪದ್ಧತಿಯಲ್ಲಿ ಕೈಕಾಲಿನ ಮೂಳೆ ಕಟ್ಟುವವರನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಆದರೆ ಮುರಿದ ಬೆನ್ನೆಲುಬಿನ ಒಳಗೆ ನರದ ಹುರಿಯಿದೆ. ಒಂದು ಎಳೆತದಲ್ಲಿ ಅದು ಜಜ್ಜಿದರೆ ಕಾಲುಗಳು ಮರಳಿ ಬಾರವು.

ಇನ್ನೂ ಒಂದು ಮಾತು. ಬೆನ್ನು, ಕತ್ತು ಮೊದಲಿನಿಂದ ಬಾಗಿರುವವರನ್ನು ಗಾಡಿಯಲ್ಲಿ ಮಲಗಿಸುವಾಗ ಚಪ್ಪಟೆಯಾಗಿ ಒತ್ತಿ ಮಲಗಿಸಬಾರದು. ಅವರ ಕತ್ತು ಎಂದಿನಂತೆ ಹೇಗೆ ಬಾಗಿತ್ತೋ ಹಾಗೆಯೇ ಇರುವಂತೆ ತಲೆಯಡಿ ದಿಂಬುಗಳನ್ನು ಕೊಟ್ಟು ಮಲಗಿಸಬೇಕು. 108ಕ್ಕೆ ಕರೆಮಾಡಿದಾಗ ರೋಗದ ಹೆಸರನ್ನೂ ಹೇಳಬೇಕು. ಆ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು.

ಬೀಳದಂತೆ ನೋಡಿಕೊಳ್ಳುವುದು ಮನೆಮಂದಿಯ ಕೆಲಸ. ಕತ್ತು ಬಗ್ಗದವರಿಗೆ ತಮ್ಮ ಪಾದದ ಮುಂದಿನ ನೆಲ ಕಾಣದು. ಬಚ್ಚಲಿನ ಪಾಚಿ, ಕೊಟ್ಟಿಗೆಯ ಗಂಜಲ, ಹುಳು ಮನೆಯ ನೆಲಕ್ಕೆ ಚೆಲ್ಲಿದ ಹಸಿ ಸೊಪ್ಪು, ಎತ್ತರದ ಹೊಸಿಲು ಇವುಗಳ ಕಡೆ ಗಮನವಿರಲಿ. ರಾತ್ರಿ ಹಿತ್ತಿಲ ದಾರಿಗೆ ದೀಪವಿರಲಿ. ಬೆಟ್ಟದ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸಾಲಿನಲ್ಲಿ ಕೂರದೆ ನಡುವಿನ ಸೀಟಿನಲ್ಲಿ ಕುಳಿತರೆ ಎತ್ತಿಹಾಕುವ ಪೆಟ್ಟು ಕಡಿಮೆ.

ಹರಕೆಯ ವಿಷಯವೂ ಇಲ್ಲಿ ಬರುತ್ತದೆ. ಮಗ ಎದ್ದು ನಡೆದರೆ ಮಾದಪ್ಪನ ಸನ್ನಿಧಿಯಲ್ಲಿ ಉರುಳುಸೇವೆ ಮಾಡಿಸುವೆನೆಂದು ಆ ತಾಯಿ ಹರಕೆ ಹೊತ್ತಿದ್ದರು. ಬೆನ್ನು ಬೆಸೆದವರು ಉರುಳುವುದು ಸಲ್ಲದೆಂದು ವೈದ್ಯರು ಖಂಡಿತವಾಗಿ ಹೇಳಿದಾಗ ಮನೆಯಲ್ಲಿ ದೊಡ್ಡ ಸಂಕಟವಾಯಿತು. ಕೊನೆಗೆ ಮನೆಯ ಅಜ್ಜನೇ, "ನಡೀಲಿ ಅಂತ ಬೇಡಿಕೊಂಡದ್ದು; ನಡೆದೇ ಹೋಗಿ ಕೈಮುಗಿದು ಬರಲಿ" ಎಂದು ತೀರ್ಪು ಕೊಟ್ಟರಂತೆ. ಮಗ ಬೆಟ್ಟದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಿಧಾನವಾಗಿ ನಡೆದು ಸನ್ನಿಧಿ ಸೇರಿ ಕೈಮುಗಿದು ಬಂದರು. ಇಂಥ ಇಕ್ಕಟ್ಟು ಬಂದ ಮನೆಗಳಿಗೆ ಆ ಅಜ್ಜನ ಮಾತು ದಾರಿಯಾಗಲಿ.

ಉರಿ ಆರಿಸದೆ ಗೋಡೆ ಕಟ್ಟಲಾಗದು

ಮೂಳೆಯನ್ನು ಉಳಿಸುವ ಮೊದಲ ಔಷಧವೆಂದರೆ ಉರಿಯೂತವನ್ನು ತಗ್ಗಿಸುವುದೇ. ಆರಂಭದಲ್ಲಿ ನೋವು-ಉರಿ ಶಮನಕಾರಿ ಮಾತ್ರೆಗಳನ್ನೂ ವ್ಯಾಯಾಮವನ್ನೂ ಕೊಡುತ್ತಾರೆ. ಅವು ಸಾಲದಿದ್ದರೆ ಟಿ.ಎನ್.ಎಫ್. ತಡೆಯುವ ಚುಚ್ಚುಮದ್ದುಗಳಿವೆ, ಇವುಗಳಿಂದ ನೋವು ತಗ್ಗುವುದಷ್ಟೇ ಅಲ್ಲ, ಮೂಳೆಯ ಸಾಂದ್ರತೆಯೂ ಸುಧಾರಿಸುತ್ತದೆ. ಇವನ್ನು ಆರಂಭಿಸುವ ಮೊದಲು ಕ್ಷಯರೋಗದ ತಪಾಸಣೆ ಕಡ್ಡಾಯ. ಅಡಾಲಿಮುಮಾಬ್ ಎಂಬ ಔಷಧದ ದೇಶೀಯ ರೂಪ 2014ರಲ್ಲಿ ನಮ್ಮಲ್ಲಿಯೇ ತಯಾರಾಗಿ ಬಂದ ಮೇಲೆ ಬೆಲೆ ಮೊದಲಿಗಿಂತ ಇಳಿದಿದೆ. ಆದರೂ ಬಡವರ ಕೈಗೆ ಸುಲಭವಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಯಾವ ಚಿಕಿತ್ಸೆಗೆ ನೆರವುಂಟೆಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಮೂಳೆ ಬಹಳ ಸವೆದಿದ್ದರೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯನ್ನೋ, ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲವನ್ನೋ ವೈದ್ಯರು ಸೂಚಿಸಬಹುದು. ಆ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ತುಂಬು ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು. ಇಲ್ಲವಾದರೆ ಅನ್ನನಾಳ ಸುಡುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಸಂತೆಯಲ್ಲೋ ಮನೆಬಾಗಿಲಲ್ಲೋ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಬೇಕು. ಇಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು. ಸ್ಟೆರಾಯ್ಡ್ ಮಾತ್ರೆಯನ್ನು ಬಹುಕಾಲ ನುಂಗಿದರೆ ಮೂಳೆ ಇನ್ನಷ್ಟು ಸವೆಯುತ್ತದೆ. ಬೆನ್ನಿನ ಈ ರೋಗಕ್ಕೆ ಅದರಿಂದ ಶಾಶ್ವತ ಪ್ರಯೋಜನವೂ ಇಲ್ಲ. ಮುಖ ದುಂಡಗೆ ಊದಿಕೊಂಡಿದ್ದರೆ ಇದೇ ಕಾರಣವಿರಬಹುದು. ಬಹುಕಾಲದಿಂದ ತಿನ್ನುತ್ತಿರುವವರು ತಾವಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರ ಬಳಿ ಹೋಗಿ ಕ್ರಮೇಣ ಬಿಡಬೇಕು. ಬೀಡಿ, ಸಿಗರೇಟು ಬೆನ್ನಿನ ಬೆಸುಗೆಯನ್ನೂ ಮೂಳೆಯ ಸವೆತವನ್ನೂ ಎರಡನ್ನೂ ಹೆಚ್ಚಿಸುತ್ತವೆ.

ತಟ್ಟೆಯಲ್ಲಿ ಮತ್ತು ಅಂಗಳದಲ್ಲಿ

ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನಮ್ಮ ಸೀಮೆಯ ರಾಗಿಯ ನೂರು ಗ್ರಾಂನಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಎರಡು ಹೊತ್ತಿನ ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು, ಹುರುಳಿಯ ಸಾರು, ಎಳ್ಳಿನ ಚಟ್ನಿ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಇಷ್ಟಿದ್ದರೆ ಬಹುಪಾಲು ಒದಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಬೀಸಿದರೆ ಸುಣ್ಣದಂಶ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಹಾಲನ್ನೆಲ್ಲ ಡೈರಿಗೆ ಹಾಕಿ ರೋಗಿಗೆ ಕರಿ ಕಾಫಿ ಕೊಡುವ ಮನೆಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ದಿನವೂ ಸ್ವಲ್ಪ ಹೊತ್ತು ಬಿಸಿಲು ಮೈಗೆ ತಾಗಲಿ. ಮಗ್ಗದ ಗುಂಡಿಯಲ್ಲೋ ಹುಳು ಮನೆಯ ನೆರಳಲ್ಲೋ ದಿನವಿಡೀ ಕಳೆಯುವವರು ರಕ್ತದಲ್ಲಿ ಡಿ ಜೀವಸತ್ವವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಆದರೆ ಆಹಾರವೊಂದರಿಂದಲೇ ಈ ರೋಗದ ಸವೆತ ನಿಲ್ಲದು. ಔಷಧಕ್ಕೆ ಅದು ಜೊತೆಗಾರ, ಬದಲಿಯಲ್ಲ.

ದಿನನಿತ್ಯದ ನಡಿಗೆ, ಎದೆ ತುಂಬ ಉಸಿರಾಟ, ಹೊಟ್ಟೆಯಡಿಯಾಗಿ ಸ್ವಲ್ಪ ಹೊತ್ತು ಮಲಗುವುದು, ಗಟ್ಟಿ ಹಾಸಿಗೆ, ತೆಳುವಾದ ದಿಂಬು ಇವು ಬೆನ್ನನ್ನು ನೆಟ್ಟಗಿಡಲು ನೆರವಾಗುತ್ತವೆ. ಮೂಳೆ ಸವೆದಿರುವವರು ಮುಂದಕ್ಕೆ ಬಲವಾಗಿ ಬಾಗುವ, ತಿರುಚುವ, ತಲೆಕೆಳಗಾಗುವ ಯೋಗಾಸನಗಳನ್ನು ಬಿಡಬೇಕು. ನೆಲದ ಮೇಲೆ ಕೂರಲು ಕಷ್ಟವಾದವರು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಿದರೆ ಅದರಲ್ಲಿ ಊನವೇನೂ ಇಲ್ಲ.

ಮುಚ್ಚಿಡುವುದರಿಂದ ಆಗುವ ಕೇಡು

ಈ ರೋಗಕ್ಕೂ ಎಚ್.ಎಲ್.ಎ.-ಬಿ27 ಎಂಬ ವಂಶವಾಹಿಗೂ ಇರುವ ನಂಟು 1973ರಲ್ಲಿ ತಿಳಿಯಿತು. ಆ ಪರೀಕ್ಷೆಯ ಚೀಟಿಯನ್ನು ನೋಡಿ ಹೆದರಿ, ಮದುವೆ ನಿಲ್ಲಬಹುದೆಂದು ಕಾಯಿಲೆಯನ್ನೇ ಮುಚ್ಚಿಡುವ ತಂದೆತಾಯಿಗಳಿದ್ದಾರೆ. ಆ ವಂಶವಾಹಿ ಇದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಈ ರೋಗ ಬರುವುದೇ ಇಲ್ಲವೆಂಬುದನ್ನು ಅವರು ತಿಳಿಯಬೇಕು. ರೋಗವಿದ್ದವರೂ ಚಿಕಿತ್ಸೆ ಪಡೆದು ಸಂಸಾರ ನಡೆಸುತ್ತಾರೆ, ದುಡಿಯುತ್ತಾರೆ. ಕಾಯಿಲೆಯನ್ನು ಮುಚ್ಚಿಟ್ಟ ವರ್ಷಗಳಲ್ಲಿಯೇ ಮೂಳೆ ಸವೆಯುವುದು; ಆ ವರ್ಷಗಳನ್ನು ಅನಂತರ ಯಾರೂ ಹಿಂದಕ್ಕೆ ತಂದುಕೊಡಲಾರರು.

ಯಳಂದೂರು ತಾಲ್ಲೂಕಿನ ಹಿರಿಯರಿಗೆ ಇದಕ್ಕೊಂದು ನಿದರ್ಶನ ನೆನಪಿರಬಹುದು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಅಲ್ಲಿ ಕೆಲಸ ಆರಂಭಿಸಿದ್ದು ಕುಷ್ಠರೋಗದ ನಿಯಂತ್ರಣಕ್ಕಾಗಿ. ಅದನ್ನೂ ಜನ ಮುಚ್ಚಿಡುತ್ತಿದ್ದ ಕಾಲವದು. ಅಂಗ ಊನವಾಗುವ ಮೊದಲೇ ಚರ್ಮದ ಮೇಲಿನ ಮಚ್ಚೆಯನ್ನು ಗುರುತಿಸಿ ತೋರಿಸಿಕೊಂಡವರು ಉಳಿದುಕೊಂಡರು. ಬೆನ್ನಿನ ಈ ರೋಗಕ್ಕೂ ಅದೇ ಪಾಠ. ಬೆನ್ನು ಬಾಗಿದ ಮೇಲೆ ಗುರುತಿಸುವುದು ಯಾರಿಗಾದರೂ ಸಾಧ್ಯ. ಬೆಳಗಿನ ಬಿಗಿತದಲ್ಲಿಯೇ ಗುರುತಿಸುವುದು ಮನೆಯವರಿಗೆ ಮಾತ್ರ ಸಾಧ್ಯ.

ಆದಕಾರಣ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿ ಬಿಗಿದ ಬೆನ್ನಿನವರಿದ್ದರೆ ನೋವು ತಗ್ಗಿತೆಂದು ಸುಮ್ಮನಾಗದೆ ಮೂಳೆಯ ಅಳತೆ ಮಾಡಿಸಿರಿ. ಬಿದ್ದರೆ ಎಣ್ಣೆಯ ಬಟ್ಟಲಿಗೆ ಕೈ ಹಾಕದೆ ಆಸ್ಪತ್ರೆಯ ದಾರಿ ಹಿಡಿಯಿರಿ. ಬೆಳಗ್ಗೆ ಹಾಸಿಗೆಯಿಂದ ಏಳಲು ಒದ್ದಾಡುವ ಮಗನನ್ನೋ ಮಗಳನ್ನೋ ಕಂಡರೆ, "ಏನಾಗುತ್ತಿದೆ ಮಗು?" ಎಂದು ಹತ್ತಿರ ಕುಳಿತು ಕೇಳಿರಿ. ಚಿಕಿತ್ಸೆ ಆ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ.